ಅರ್ಥ ಕೆಡದಂತೆ ಲೋಪ

ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ಲಕ್ಕುಂಡಿಯಲ್ಲಿದ್ದು ಕನ್ನಡ ಪಾಠ ಹೇಳುವ ನಾನು ಅತ್ತಿಮಬ್ಬೆಯನ್ನು ಕುರಿತೋ ನಮ್ಮ ಊರಿನ ಶಾಸನಗಳನ್ನು ಕುರಿತೋ ಬರೆಯುವೆನೆಂದು ಅವರು ನಿರೀಕ್ಷಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಬೇರೊಂದು ಋಣ ನನ್ನ ತಲೆಯ ಮೇಲಿದೆ. ಇದೇ ಸಂಚಿಕೆಯಲ್ಲಿ ನಮ್ಮ ಶಾಲೆಯ ಹಿರಿಯ ನಿವೃತ್ತ ಗುರುಗಳೊಬ್ಬರ ನೆನಪುಗಳು ಅಚ್ಚಾಗಿವೆ. ಓದುತ್ತ ಹೋದವರಿಗೆ ನಡುನಡುವೆ ಚುಕ್ಕೆಗಳ ಸಾಲುಗಳು ಕಾಣಿಸುತ್ತವೆ. ಎರಡು ಕಡೆ ಅರ್ಧ ಪುಟವೇ ಬರಿದಾಗಿದೆ. ಅದು ಮುದ್ರಣಾಲಯದವರ ತಪ್ಪಲ್ಲ, ಸಂಪಾದಕರ ಕತ್ತರಿಯೂ ಅಲ್ಲ. ಆ ಲೋಪಕ್ಕೆ ನಾನೇ ಕಾರಣ. ಅದು ಹೇಗಾಯಿತೆಂಬುದನ್ನು ಬಿಚ್ಚಿ ಹೇಳುವುದು ನನ್ನ ಧರ್ಮ. ಅದರಿಂದ ಮತ್ತೊಬ್ಬರಿಗೆ ಪ್ರಯೋಜನವೂ ಆದೀತು.

ನಾನು ಹಳೆಯ ಕ್ರಮದ ಶಿಕ್ಷಣ ಪಡೆದವನು. ಗುರುಗಳೆದುರು ಚಾಪೆಯ ಮೇಲೆ ಕುಳಿತು ಸೂತ್ರಗಳನ್ನು ಬಾಯಿಪಾಠ ಮಾಡಿ ವಿದ್ವತ್ ಪರೀಕ್ಷೆಯನ್ನು ಮುಗಿಸಿದವನು. ಗಣಕಯಂತ್ರವು ನಮ್ಮ ಶಾಲೆಗೆ ಬಂದಾಗ ಅದರ ಹತ್ತಿರ ಸುಳಿಯಲು ಹಿಂಜರಿದವರಲ್ಲಿ ನಾನು ಮೊದಲಿಗ. ಆದರೆ ‘ನುಡಿ’ ತಂತ್ರಾಂಶದಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡುವುದನ್ನು ಕಂಡ ಮೇಲೆ ಮನಸ್ಸು ಸೋತಿತು. ಎರಡೇ ಬೆರಳಿನಿಂದ, ಎತ್ತಿನ ಗಾಡಿಯ ವೇಗದಲ್ಲಿ, ಬೆರಳಚ್ಚು ಮಾಡುವುದನ್ನು ಕಲಿತೆ. ಪ್ರಶ್ನಪತ್ರಿಕೆ, ಗಾದೆಗಳ ಸಂಗ್ರಹ, ಸುತ್ತಲಿನ ಹಳ್ಳಿಗಳ ಹೊಲಗೆಲಸದ ಮಾತುಗಳು, ಎಲ್ಲವೂ ಕ್ರಮೇಣ ಆ ಪೆಟ್ಟಿಗೆಯೊಳಗೆ ಸೇರಿದವು.

ಈ ಸಂಚಿಕೆಯ ಸಿದ್ಧತೆ ಆರಂಭವಾದಾಗ, ಆ ಹಿರಿಯ ಗುರುಗಳ ನೆನಪುಗಳನ್ನು ಬರೆದುಕೊಳ್ಳುವ ಭಾಗ್ಯ ನನ್ನದಾಯಿತು. ಅವರ ಮನೆಯ ಪಡಸಾಲೆಯಲ್ಲಿ ಎಂಟು ಸಂಜೆ ಕುಳಿತೆ: ಭಾದ್ರಪದದಲ್ಲಿ ಮೂರು, ಕಾರ್ತಿಕದಲ್ಲಿ ಐದು. ಶಾಲೆಯ ಆರಂಭದ ದಿನಗಳು, ಒಂದೇ ಕೋಣೆಯಲ್ಲಿ ನಾಲ್ಕು ತರಗತಿಗಳು ನಡೆದುದು, ಯಾವ ಊರಿನ ಯಾವ ಮನೆತನದವರು ಪ್ರಸಾದ ನಿಲಯಕ್ಕೆ ಎಷ್ಟು ಚೀಲ ಜೋಳ ಕಳುಹಿಸುತ್ತಿದ್ದರು, ಮಳೆ ಕೈಕೊಟ್ಟ ವರ್ಷ ಮಕ್ಕಳ ರೊಟ್ಟಿಗೆ ಯಾರು ಒದಗಿದರು—ಯಾವ ಕಡತದಲ್ಲಿಯೂ ಇರದ ಸಂಗತಿಗಳು ಅವರ ನಾಲಿಗೆಯ ತುದಿಯಲ್ಲಿದ್ದವು. ನಾನು ಚೀಟಿಗಳಲ್ಲಿ ಗುರುತು ಹಾಕಿಕೊಂಡು, ಮರುದಿನ ಶಾಲೆಯಲ್ಲಿ ಕುಳಿತು ಬೆರಳಚ್ಚು ಮಾಡುತ್ತಿದ್ದೆ.

ಆ ಪೆಟ್ಟಿಗೆಯ ಬರಹಗಳಿಗೆ ರಕ್ಷಣೆ ಬೇಕಷ್ಟೆ. ನಮ್ಮಲ್ಲಿ ಗಣಕಪಾಠ ಹೇಳುವ ತರುಣ ಶಿಕ್ಷಕರು ನನ್ನ ಹಳೆಯ ವಿದ್ಯಾರ್ಥಿ. ದಿನವೂ ಸಂಜೆ ಎಲ್ಲ ಬರಹಗಳ ಪ್ರತಿಯನ್ನು ಹೊರಗಿನ ಚಿಕ್ಕ ಡಬ್ಬಿಯೊಂದಕ್ಕೆ ಇಳಿಸುವ ಏರ್ಪಾಡನ್ನು ಅವರು ಮಾಡಿದರು. ಅದಕ್ಕೆ ಬೇಕಾದುದು ಒಂದು ಸಣ್ಣ ಬರಹ. ಒಂದೊಂದು ಸಾಲಿನಲ್ಲಿ ಒಂದೊಂದು ಆಜ್ಞೆ. ಹೆಸರಿನ ಕೊನೆಗೆ ‘ಬ್ಯಾಟ್’ ಎಂಬ ಬಾಲ. ಇದಕ್ಕೆ ಬ್ಯಾಚ್ ಫೈಲ್ ಎನ್ನುತ್ತಾರೆ. ನಾನು ಆಜ್ಞಾವಳಿ ಎಂದು ಕರೆಯುತ್ತೇನೆ. 1981ರಲ್ಲಿ ಹೊರಬಂದ ಎಂ.ಎಸ್. ಡಾಸ್ ಎಂಬ ವ್ಯವಸ್ಥೆಯ ಕಾಲದಿಂದಲೂ ಈ ಪದ್ಧತಿಯುಂಟು. ಇಂದಿನ ವಿಂಡೋಸ್ ಯಂತ್ರಗಳಲ್ಲಿಯೂ ಅದು ಹಾಗೆಯೇ ನಡೆದುಬಂದಿದೆ. ಆಜ್ಞಾವಳಿಯ ಹೆಸರಿನ ಮೇಲೆ ಎರಡು ಬಾರಿ ಒತ್ತಿದರೆ ಯಂತ್ರವು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೊಂದನ್ನೇ ನೆರವೇರಿಸುತ್ತದೆ.

ಮೊದಲ ಸಂಜೆ ಅದನ್ನು ಓಡಿಸಿದಾಗ ಕರಿಯ ಕಿಟಕಿಯೊಂದು ತೆರೆದು, ಅದರ ತುಂಬ ಬಿಳಿಯ ಅಕ್ಷರಗಳು ಸರಸರನೆ ಮೇಲೇರತೊಡಗಿದವು. ನನಗೆ ಗಾಬರಿಯಾಯಿತು.

“ಇದೇನ್ ತಮ್ಮಾ, ಇರುವಿ ಸಾಲು ಹರದಾಡಿದ್ಹಂಗ ಐತಿ?” ಎಂದೆ.

“ಏನಿಲ್ರಿ ಗುರುಗಳ. ನಾ ಹೇಳಿದ ಮಾತನ್ನ ಅದು ಮೊದಲ ತಾನೂ ಒಮ್ಮೆ ಅಂದು, ಆಮ್ಯಾಲೆ ಮಾಡತೈತ್ರಿ” ಎಂದರು.

ವಿಷಯ ಇಷ್ಟೆ. ಆಜ್ಞಾವಳಿಯನ್ನು ನಡೆಸುವಾಗ ಯಂತ್ರವು ಪ್ರತಿಯೊಂದು ಆಜ್ಞೆಯನ್ನೂ ನೆರವೇರಿಸುವ ಮುನ್ನ ಪರದೆಯ ಮೇಲೆ ಬರೆದು ತೋರಿಸುತ್ತದೆ. ಇದರ ಹೆಸರು ‘ಎಕೋ’, ಅಂದರೆ ಮಾರ್ದನಿ. ಆಜ್ಞಾವಳಿಯನ್ನು ರಚಿಸುವವನಿಗೆ ಈ ಮಾರ್ದನಿ ಉಪಕಾರಿ. ಯಾವ ಸಾಲಿನಲ್ಲಿ ಎಡವಿತೆಂಬುದು ತಿಳಿಯುತ್ತದೆ. ಆದರೆ ದಿನವೂ ಅದನ್ನು ಬಳಸುವವನಿಗೆ ಅದು ಗದ್ದಲ. ಯುನಿಕ್ಸ್ ಎಂಬ ಇನ್ನೊಂದು ಪರಂಪರೆಯಲ್ಲಿ ರೂಢಿ ಇದಕ್ಕೆ ವಿಪರೀತ. ಅಲ್ಲಿ ಆಜ್ಞೆಗಳು ಸದ್ದಿಲ್ಲದೆ ನಡೆಯುತ್ತವೆ. ತೋರಿಸಬೇಕಾದರೆ ಬೇರೆಯಾಗಿ ಹೇಳಬೇಕು. ಒಂದು ಮನೆಯಲ್ಲಿ ಮಾತು ರೂಢಿ, ಇನ್ನೊಂದರಲ್ಲಿ ಮೌನ ರೂಢಿ.

“ಅಡಿಗಿ ಮನ್ಯಾಗಿನ ಗದ್ದಲ ಪಂಕ್ತ್ಯಾಗ ಕುಂತವರಿಗೆ ಯಾಕ ಕೇಳಬೇಕು? ಇದನ್ನ ಸುಮ್ಮನಿರಸು” ಎಂದೆ.

ಅವರು ಆಜ್ಞಾವಳಿಯ ತಲೆಯಲ್ಲಿ ‘ಎಕೋ ಆಫ್’ ಎಂಬ ಸಾಲನ್ನು ಸೇರಿಸಿದರು. ಅಲ್ಲಿಂದ ಮುಂದಿನ ಆಜ್ಞೆಗಳಾವುವೂ ಪರದೆಯ ಮೇಲೆ ಮೂಡಲಿಲ್ಲ. ಆದರೆ ‘ಎಕೋ ಆಫ್’ ಎಂಬ ಆ ಸಾಲು ಮಾತ್ರ ಮೂಡಿತು! ಮೌನವಾಗಿರೆಂದು ಹೇಳಿದ ಮಾತೇ ಗಟ್ಟಿಯಾಗಿ ಕೇಳಿಸಿತು. ಕಾರಣ ಸರಳ: ಆ ಸಾಲು ನೆರವೇರಿದ ಮೇಲೆ ತಾನೇ ಮೌನ ಜಾರಿಗೆ ಬರುವುದು; ನೆರವೇರುವ ಮುನ್ನವೇ ಅದು ಪರದೆಗೆ ಬಂದಿರುತ್ತದೆ. ಇದಕ್ಕೆ ಮದ್ದು ‘@’ ಎಂಬ ಚಿಹ್ನೆ. ಯಾವ ಸಾಲಿನ ಮೊದಲಿಗೆ ಅದಿರುವುದೋ ಆ ಒಂದು ಸಾಲು ಮರೆಯಾಗುತ್ತದೆ. 1987ರ ಡಾಸ್ 3.3ನೆಯ ಆವೃತ್ತಿಯಲ್ಲಿ ಈ ಸೌಕರ್ಯ ಬಂದಿತು. ಇಂದು ಬ್ಯಾಚ್ ಫೈಲುಗಳ ಮೊದಲ ಸಾಲು ಬಹುಮಟ್ಟಿಗೆ ‘@ಎಕೋ ಆಫ್’ ಆಗಿರುವುದು ಇದರಿಂದಲೇ. ಗ್ರಂಥಾರಂಭದಲ್ಲಿ ಶ್ರೀಕಾರವಿರುವಂತೆ ಎಂದು ನಾನು ನಕ್ಕೆ.

ಅಷ್ಟಕ್ಕೇ ನಾನು ಸುಮ್ಮನಿದ್ದರೆ ಈ ಲೇಖನ ಹುಟ್ಟುತ್ತಿರಲಿಲ್ಲ. ಆಜ್ಞೆಗಳು ಮರೆಯಾದರೂ ಅವುಗಳ ಫಲವಚನಗಳು ಇನ್ನೂ ಬರುತ್ತಿದ್ದವು. ಪ್ರತಿ ತೆಗೆದ ಒಂದೊಂದು ಬರಹದ ಹೆಸರೂ ಪರದೆಯ ಮೇಲೆ ಬೀಳುತ್ತಿತ್ತು. ‘ನುಡಿ’ಯ ಬರಹಗಳ ಹೆಸರುಗಳೋ ಇಂಗ್ಲಿಷ್ ಅಕ್ಷರಗಳ ಕಗ್ಗಂಟು. ಸಂಸ್ಥೆಯ ಹಿತೈಷಿಗಳು ಶಾಲೆಯನ್ನು ನೋಡಲು ಬಂದ ದಿನ ಆ ಓಟವನ್ನು ಕಂಡು, “ಯಂತ್ರ ಕೆಟ್ಟದ್ಯೇನ್ರಿ?” ಎಂದು ಕೇಳಿದುದು ನನಗೆ ಮುಜುಗರವಾಯಿತು. ಮರುದಿನವೇ ತರುಣ ಶಿಕ್ಷಕರಿಗೆ, “ಎಲ್ಲಾ ಮುಚ್ಚಿಬಿಡು. ಕಡೀಕ ‘ಕೆಲಸ ಮುಗಿಯಿತು’ ಅಂತ ಒಂದ ಮಾತು ಬಂದ್ರ ಸಾಕು” ಎಂದೆ.

“ಗುರುಗಳ, ಅಷ್ಟೂ ಮುಚ್ಚಿದ್ರ ಏನರ ತಪ್ಪಾದ್ರ ತಿಳಿಯೂದಿಲ್ರಿ” ಎಂದು ಅವರು ಮೆಲ್ಲಗೆ ಹೇಳಿದರು. ನಾನು ಹುಬ್ಬು ಗಂಟಿಕ್ಕಿದೆ. ಕಲಿಸಿದ ಗುರುವಿನ ಎದುರು ಅವರು ವಾದಿಸಲಿಲ್ಲ. ಗುರುವಿನ ಸಲುಗೆಯು ಶಿಷ್ಯನ ವಿವೇಕವನ್ನು ಅದುಮಿದ ಗಳಿಗೆ ಅದು.

ಯಂತ್ರದಲ್ಲಿ ‘ನಲ್’ ಎಂಬ ಒಂದು ಸ್ಥಾನವಿದೆ; ಅದು ಶೂನ್ಯ. ಅಲ್ಲಿಗೆ ಕಳುಹಿಸಿದುದು ಎಲ್ಲಿಯೂ ಉಳಿಯುವುದಿಲ್ಲ. ಆಜ್ಞೆಯ ಮುಂದೆ ‘>’ ಎಂಬ ಗುರುತಿಟ್ಟು ‘ನಲ್’ ಎಂದರೆ ಆ ಆಜ್ಞೆಯ ಮಾತುಗಳೆಲ್ಲ ಶೂನ್ಯಕ್ಕೆ ಸೇರುತ್ತವೆ. ‘2>’ ಎಂದರೆ ಅದರ ದೂರುಗಳೂ, ಅಂದರೆ ತಪ್ಪಾಯಿತೆಂದು ಅದು ಕೂಗುವ ಮಾತುಗಳೂ, ಶೂನ್ಯಕ್ಕೆ ಸೇರುತ್ತವೆ. ನಮ್ಮ ಆಜ್ಞಾವಳಿಯಲ್ಲಿ ಎರಡನ್ನೂ ಹಾಕಲಾಯಿತು. ಕೊನೆಯಲ್ಲಿ ‘ಎಕೋ’ ಎಂಬುದರ ಮುಂದೆ ನನಗೆ ಬೇಕಾದ ವಾಕ್ಯ. ಎಕೋ ಆಫ್ ಇದ್ದರೂ, ಎಕೋ ಎಂಬುದರ ಮುಂದೆ ಬರೆದ ಮಾತು ಪರದೆಗೆ ಬರುತ್ತದೆ. ಮಾರ್ದನಿಯನ್ನು ನಿಲ್ಲಿಸುವ ಪದವೇ ನುಡಿಸುವ ಪದವೂ ಹೌದು. ಕನ್ನಡ ಲಿಪಿಯಲ್ಲಿ ಬರೆದರೆ ಆ ಕರಿಯ ಕಿಟಕಿಯಲ್ಲಿ ಬರಿಯ ಚೌಕಗಳು ಮೂಡಿದವಾದ್ದರಿಂದ, ‘ಕೆಲಸ ಮುಗಿಯಿತು’ ಎಂಬ ಕನ್ನಡ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕಾಯಿತು.

ಅಂದಿನಿಂದ ಪ್ರತಿ ಸಂಜೆ ಕರಿಯ ಕಿಟಕಿ ತೆರೆಯುತ್ತಿತ್ತು. ಒಂದೇ ಸಾಲು ಮೂಡುತ್ತಿತ್ತು. ನಾನು ನಿಶ್ಚಿಂತನಾಗಿ ಮನೆಗೆ ಹೋಗುತ್ತಿದ್ದೆ. ಯಂತ್ರವೇ ಮುಗಿಯಿತೆಂದ ಮೇಲೆ ಚೀಟಿಗಳ ಕಂತೆಯೇಕೆಂದು, ಬೆರಳಚ್ಚಾದ ಚೀಟಿಗಳನ್ನು ಹರಿದು ಹಾಕುತ್ತಿದ್ದೆ.

ದಸರೆಯ ರಜೆಯಲ್ಲಿ ಯಂತ್ರಕ್ಕೆ ಸಣ್ಣ ದುರಸ್ತಿಯಾಗಿತ್ತು. ಯಂತ್ರವು ತನ್ನೊಳಗಿನ ಮತ್ತು ಹೊರಗಿನ ಡಬ್ಬಿಗಳಿಗೆ ಒಂದೊಂದು ಅಕ್ಷರವನ್ನು ಹೆಸರಾಗಿ ಕೊಡುತ್ತದೆ. ನಮ್ಮ ಹೊರಗಿನ ಡಬ್ಬಿಯ ಹೆಸರು ‘ಇ’ ಎಂದಿತ್ತು. ದುರಸ್ತಿಯ ಅನಂತರ ‘ಇ’ ಎಂಬುದು ಸಿ.ಡಿ. ಇಡುವ ಖಾಲಿ ತಟ್ಟೆಗೆ ಹೋಗಿ, ನಮ್ಮ ಡಬ್ಬಿಗೆ ‘ಎಫ್’ ಎಂದು ಹೆಸರು ಬಂದಿತು. ದುರಸ್ತಿ ಮಾಡಿದವರ ದೋಷ ಇದರಲ್ಲಿಲ್ಲ. ಯಂತ್ರಗಳಲ್ಲಿ ಇದು ಸಾಮಾನ್ಯ. ಆಜ್ಞಾವಳಿ ಮಾತ್ರ ಹಳೆಯ ವಿಳಾಸಕ್ಕೇ ಕಾಗದ ಬರೆಯುತ್ತ ಹೋಯಿತು. ಆ ಖಾಲಿ ತಟ್ಟೆಗೆ ಬರೆಯಲಾಗದೆ ಯಂತ್ರವು ದಿನವೂ ದೂರುತ್ತಿತ್ತು. ದೂರು ಶೂನ್ಯಕ್ಕೆ ಸೇರುತ್ತಿತ್ತು. ಅನಂತರದ ಸಾಲು ಹಿಂದಿನ ಸಾಲಿನ ಗತಿಯನ್ನು ಕೇಳುವುದೇ ಇಲ್ಲವಾದ್ದರಿಂದ, ‘ಕೆಲಸ ಮುಗಿಯಿತು’ ಎಂದು ತಪ್ಪದೆ ಹೇಳುತ್ತಿತ್ತು. ನನ್ನ ಅಪ್ಪಣೆಯಂತೆಯೇ ಅದು ನಡೆದುಕೊಂಡಿತು. ಸುಳ್ಳನ್ನು ನಾನೇ ಬರೆಯಿಸಿದ್ದೆ.

ಸಂಕ್ರಮಣಕ್ಕೆ ಕೆಲವು ದಿನಗಳ ಮುಂಚೆ ಹಿರಿಯ ಗುರುಗಳು ಲಿಂಗೈಕ್ಯರಾದರು. ಯುಗಾದಿಯ ಹೊತ್ತಿಗೆ ಯಂತ್ರದ ಒಳಗಿನ ತಟ್ಟೆ ಪೂರ್ತಿ ಕೆಟ್ಟಿತು. ಚಿಂತೆಯಿಲ್ಲ, ಪ್ರತಿಯಿದೆ ಎಂದುಕೊಂಡು ಹೊರಗಿನ ಡಬ್ಬಿಯನ್ನು ಬೇರೊಂದು ಯಂತ್ರಕ್ಕೆ ಜೋಡಿಸಿದೆವು. ಭಾದ್ರಪದದ ಮೂರು ಸಂಜೆಗಳಿದ್ದವು. ಕಾರ್ತಿಕದ ಐದು ಸಂಜೆಗಳಲ್ಲಿ ಒಂದೂ ಇರಲಿಲ್ಲ. ಹರಿಯದೆ ಉಳಿದಿದ್ದ ಚೀಟಿಗಳಿಂದ ಎರಡು ಸಂಜೆಗಳ ಮಾತುಗಳನ್ನು ತುಂಡುತುಂಡಾಗಿ ಜೋಡಿಸಿದೆ. ಮೂರು ಸಂಜೆಗಳು ಹೋದವು. ಕೇಳಿ ಮತ್ತೆ ಬರೆದುಕೊಳ್ಳೋಣವೆಂದರೆ ಹೇಳುವವರೇ ಇಲ್ಲ.

ಆ ವಾರ ನನಗೆ ಊಟ ರುಚಿಸಲಿಲ್ಲ. ಒಂದು ಸಂಜೆ ತರುಣ ಶಿಕ್ಷಕರನ್ನು ಕರೆದುಕೊಂಡು ಮಾಣಿಕೇಶ್ವರ ದೇವಾಲಯದ ಬದಿಯ ಮುಸುಕಿನ ಬಾವಿಯತ್ತ ಹೋದೆ. ನೀರಿನವರೆಗೆ ಇಳಿದುಹೋಗುವ ಮೆಟ್ಟಿಲುಗಳು, ಗೋಡೆಗಳಲ್ಲಿ ಚಿಕ್ಕ ಚಿಕ್ಕ ಗುಡಿಗಳು. ಅಲ್ಲಿಯೇ ಕುಳಿತು, “ತಮ್ಮಾ, ತಪ್ಪು ನಂದು. ಈಗರ ನನಗ ಪೂರ್ತಿ ತಿಳಿಸು” ಎಂದೆ.

ಅವರು ವಿವರಿಸಿದರು. ಆಜ್ಞೆಯೊಂದು ನಡೆಯುವಾಗ ಅದರಿಂದ ಎರಡು ಕಾಲುವೆಗಳು ಹೊರಡುತ್ತವೆ. ಒಂದನೆಯ ಕಾಲುವೆಯಲ್ಲಿ ಫಲ, ಎರಡನೆಯದರಲ್ಲಿ ದೂರು. ‘2>’ ಎಂಬುದರ 2 ಈ ಎರಡನೆಯ ಕಾಲುವೆಯ ಅಂಕೆ. ಸಾಮಾನ್ಯವಾಗಿ ಎರಡೂ ಪರದೆಯೆಂಬ ಒಂದೇ ಕೆರೆಗೆ ಬಂದು ಬೀಳುವುದರಿಂದ ನೋಡುವವರಿಗೆ ಭೇದ ತಿಳಿಯುವುದಿಲ್ಲ. ಬೇರೆ ಬೇರೆ ಕಾಲುವೆಗಳಾದುದರಿಂದಲೇ ಒಂದನ್ನು ಕಟ್ಟಿ ಇನ್ನೊಂದನ್ನು ಹರಿಯಬಿಡಬಹುದು.

ಹೀಗೆ ಎರಡಾದುದಕ್ಕೆ ಒಂದು ಸ್ವಾರಸ್ಯದ ಕಥೆಯುಂಟು. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಯುನಿಕ್ಸ್ ರೂಪುಗೊಳ್ಳುತ್ತಿದ್ದ 1970ರ ದಶಕದಲ್ಲಿ, ಬೆಳಕಿನಿಂದ ಅಕ್ಷರ ಜೋಡಿಸುವ ಮುದ್ರಣಯಂತ್ರವೊಂದನ್ನು ಗಣಕಕ್ಕೆ ಹೊಂದಿಸಿದ್ದರು. ಆಗ ಕಾಲುವೆ ಒಂದೇ. ಯಂತ್ರಕ್ಕೆ ಪುಟವನ್ನು ಕಳುಹಿಸಿ, ಕಾದಿದ್ದು, ಅಕ್ಷರ ಮೂಡಿದ ಹಾಳೆಯನ್ನು ಸಂಸ್ಕರಿಸಿ ನೋಡಿದರೆ, ಲೇಖನದ ಬದಲು ‘ಇಂಥ ಬರಹವನ್ನು ತೆರೆಯಲಾಗಲಿಲ್ಲ’ ಎಂಬ ದೂರೊಂದು ಅಚ್ಚುಕಟ್ಟಾಗಿ ಜೋಡಣೆಗೊಂಡು ಕುಳಿತಿರುತ್ತಿತ್ತಂತೆ. ಹೀಗೆ ಹಲವು ಸಲ ದಂಡವಾದ ಮೇಲೆ, ದೂರು ಬೇರೆ ದಾರಿಯಲ್ಲಿ ಹೋಗಿ ಮನುಷ್ಯನ ಕಣ್ಣೆದುರಿನ ಪರದೆಗೇ ಬರಲೆಂದು ಎರಡನೆಯ ಕಾಲುವೆಯನ್ನು ತೋಡಿದರು. ಫಲವು ಎಲ್ಲಿಗೇ ಹೋಗಲಿ, ದೂರು ಮಾತ್ರ ಕಣ್ಣಿಗೆ ಬೀಳಲಿ ಎಂದು ತೋಡಿದ ಕಾಲುವೆಯನ್ನೇ ನಾನು ಶೂನ್ಯಕ್ಕೆ ತಿರುಗಿಸಿದ್ದೆ!

ಮನೆಗೆ ಬಂದು ಯೋಚಿಸಿದಾಗ ನನಗೆ ನಾಚಿಕೆಯಾಯಿತು. ಇದು ನಾನರಿಯದ ವಿಷಯವೇ? ಮೂರು ದಶಕಗಳಿಂದ ಮಕ್ಕಳಿಗೆ ಹೇಳುತ್ತ ಬಂದ ಸಂಧಿಪಾಠವೇ ಅಲ್ಲವೇ? ಸ್ವರದ ಮುಂದೆ ಸ್ವರ ಬಂದಾಗ, ಅರ್ಥ ಕೆಡದಿದ್ದರೆ ಪೂರ್ವಸ್ವರಕ್ಕೆ ಲೋಪ. ಲೋಪದಿಂದ ಅರ್ಥ ಕೆಡುವಂತಿದ್ದರೆ ಆಗಮ. ‘ಊರು’ ಮತ್ತು ‘ಅಲ್ಲಿ’ ಸೇರಿದರೆ ‘ಊರಲ್ಲಿ’. ಉಕಾರ ಹೋದರೂ ಊರು ಊರಾಗಿಯೇ ಇದೆ. ‘ಮನೆ’ ಮತ್ತು ‘ಅನ್ನು’ ಸೇರುವಾಗ ಎಕಾರವನ್ನು ತೆಗೆದರೆ ‘ಮನನ್ನು’ ಆಗಿ ಮನೆಯೇ ಬಿದ್ದುಹೋಗುತ್ತದೆ. ಆದ್ದರಿಂದ ಅಲ್ಲಿ ಯಕಾರವನ್ನು ತಂದು ‘ಮನೆಯನ್ನು’ ಎನ್ನುತ್ತೇವೆ. ಈ ಶಾಲೆಯಲ್ಲಿ ಓದಿದವರು ಈ ಪಾಠಕ್ಕಾಗಿ ನನ್ನಿಂದ ಕಿವಿ ಹಿಂಡಿಸಿಕೊಂಡದ್ದುಂಟು. ಇಂದು ನನ್ನ ಕಿವಿಯನ್ನು ನಾನೇ ಹಿಂಡಿಕೊಳ್ಳಬೇಕಾಯಿತು.

ಮಾರ್ದನಿಯನ್ನು ಅಡಗಿಸುವುದು ಸಾಧುವಾದ ಲೋಪ. ಸಂಸ್ಕೃತ ವ್ಯಾಕರಣದಲ್ಲಿಯೂ ಇಂಥದುಂಟು. ‘ಕ್ತ್ವಾ’ ಎಂಬ ಪ್ರತ್ಯಯದ ಮೊದಲ ಕಕಾರವು ‘ಕೃತ್ವಾ’ ಎಂಬ ರೂಪದಲ್ಲಿ ಕಾಣುವುದಿಲ್ಲ. ಆದರೂ ಧಾತುವಿನ ಋಕಾರಕ್ಕೆ ಗುಣ ಬಾರದಂತೆ ತಡೆಯುವುದು ಅದೇ. ಆ ಕಕಾರವಿಲ್ಲದ ‘ತವ್ಯ’ ಪ್ರತ್ಯಯ ಹತ್ತಿದಾಗ ಗುಣ ಬಂದು ‘ಕರ್ತವ್ಯ’ ಆಗುತ್ತದೆ. ಕಾಣದಂತಿದ್ದು ಕೆಲಸ ಮಾಡಿ ಮರೆಯಾಗುವ ಇಂಥ ಅಕ್ಷರಗಳಿಗೆ ‘ಇತ್’ ಎಂದು ಹೆಸರು. ‘@ಎಕೋ ಆಫ್’ ಮಾಡುವುದೂ ಇದನ್ನೇ: ಆಜ್ಞೆ ಕಾಣದು, ಕೆಲಸ ನಿಲ್ಲದು. ದೂರನ್ನು ಅಡಗಿಸುವುದಾದರೋ ‘ಮನನ್ನು’ ಎಂದಂತೆ. ಅಲ್ಲಿ ಬೇಕಾದುದು ಲೋಪವಲ್ಲ, ಆಗಮ: ಇಲ್ಲದ ಮಾತೊಂದನ್ನು ತಂದು ಸೇರಿಸಬೇಕು.

ಈಗಿನ ನಮ್ಮ ಆಜ್ಞಾವಳಿ ಈ ಸೂತ್ರದಂತೆ ರಚಿತವಾಗಿದೆ. ತಲೆಯಲ್ಲಿ ‘@ಎಕೋ ಆಫ್’ ಇದೆ. ಡಬ್ಬಿಯೊಳಗೆ ಗುರುತಿನ ಒಂದು ಪುಟ್ಟ ಬರಹವನ್ನಿಟ್ಟಿದ್ದೇವೆ. ಮೊದಲು ಅದು ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಯಂತ್ರವು ಮುಂದುವರಿಯದೆ ನಿಲ್ಲುತ್ತದೆ. ಪ್ರತಿ ತೆಗೆಯುವ ‘ಎಕ್ಸ್‌ಕಾಪಿ’ ಎಂಬ ಆಜ್ಞೆಗೆ ‘/ಕ್ಯು’ ಎಂಬ ಸೂಚನೆಯನ್ನು ಜೋಡಿಸಿದೆ. ಇದರಿಂದ ಒಂದೊಂದು ಬರಹದ ಹೆಸರು ಬರುವುದಿಲ್ಲ. ಒಟ್ಟು ಎಷ್ಟು ಪ್ರತಿಯಾದವೆಂಬ ಲೆಕ್ಕ ಮಾತ್ರ ಬರುತ್ತದೆ. ದೂರಿನ ಕಾಲುವೆಯನ್ನು ಯಾರೂ ಮುಟ್ಟಿಲ್ಲ. ಇಂಥ ಆಜ್ಞೆಯು ಮುಗಿದಾಗ ತನ್ನ ಗತಿಯನ್ನು ಸೂಚಿಸುವ ಅಂಕೆಯೊಂದನ್ನು ಬಿಟ್ಟುಹೋಗುತ್ತದೆ. ಅದಕ್ಕೆ ‘ಎರರ್‌ಲೆವೆಲ್’ ಎನ್ನುತ್ತಾರೆ. ಎಕ್ಸ್‌ಕಾಪಿಯಲ್ಲಿ ಸೊನ್ನೆಯೆಂದರೆ ಕ್ಷೇಮ. 1 ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ‘ಪ್ರತಿಯಾಗಿಲ್ಲ, ಶಿಕ್ಷಕರನ್ನು ಕರೆಯಿರಿ’ ಎಂಬ ಮಾತು ಮೂಡಿ, ‘ಪಾಸ್’ ಎಂಬ ಆಜ್ಞೆಯಿಂದ ಕಿಟಕಿ ಮುಚ್ಚದೆ ನಿಲ್ಲುತ್ತದೆ. ಯಾರಾದರೂ ಬಂದು ಕೀಲಿ ಒತ್ತುವವರೆಗೆ ಅದು ಕದಲುವುದಿಲ್ಲ. ‘ಕೆಲಸ ಮುಗಿಯಿತು’ ಎಂಬ ಮಾತಿಗೆ ಈಗ ಸೊನ್ನೆಯಿದ್ದಾಗ ಮಾತ್ರ ಅವಕಾಶ. ದಿನದ ಲೆಕ್ಕವನ್ನು ನಾನು ಒಂದು ವಹಿಯಲ್ಲಿ ಕೈಯಿಂದ ಬರೆದಿಡುತ್ತೇನೆ. ವಾರಕ್ಕೊಮ್ಮೆ ಡಬ್ಬಿಯನ್ನು ಬೇರೊಂದು ಯಂತ್ರಕ್ಕೆ ಜೋಡಿಸಿ ಒಂದೆರಡು ಬರಹಗಳನ್ನು ತೆರೆದು ಓದುತ್ತೇನೆ. ಓದಿ ನೋಡದ ಪ್ರತಿಯು ಪ್ರತಿಯಲ್ಲವೆಂದು ತಿಳಿಯಲು ನನಗೆ ಇಷ್ಟು ಬೆಲೆ ತೆರಬೇಕಾಯಿತು.

ನಮ್ಮ ಊರಿನವರಿಗೆ ಈ ಪಾಠ ಹೊಸದಾಗಬಾರದಾಗಿತ್ತು. 1007ರಲ್ಲಿ ಇಲ್ಲಿಯ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದಳೆಂಬುದು ಕನ್ನಡಿಗರೆಲ್ಲರೂ ಬಲ್ಲ ಮಾತು. ಓಲೆಯ ಮೇಲೆ ಕಂಠದಿಂದ ಒಂದೊಂದೇ ಅಕ್ಷರವನ್ನು ಕೊರೆಯಬೇಕಾದ ಕಾಲದಲ್ಲಿ ಸಾವಿರ ಪ್ರತಿ! ಅಂಥವಳ ಊರಿನಲ್ಲಿ ಕುಳಿತು ನಾನು ಒಂದೇ ಪ್ರತಿಯನ್ನು, ಅದೂ ಕಣ್ಣಿಂದ ನೋಡದೆ, ನಂಬಿಕೊಂಡಿದ್ದೆ.

ಹೋದ ಮೂರು ಸಂಜೆಗಳ ಮಾತುಗಳನ್ನು ನೆನಪಿನಿಂದ ಬರೆದು ತುಂಬಬಹುದೆಂದು ಮಿತ್ರರೊಬ್ಬರು ಸೂಚಿಸಿದರು. ನನಗೆ ಒಪ್ಪಿಗೆಯಾಗಲಿಲ್ಲ. ಶಾಸನದ ಕಲ್ಲಿನಲ್ಲಿ ಸವೆದ ಅಕ್ಷರವಿದ್ದರೆ ಸಂಪಾದಕನು ಅಲ್ಲಿ ಚುಕ್ಕೆಗಳನ್ನಿಡುತ್ತಾನೆ. ಇರಬಹುದೆಂದು ತೋರಿದ ಅಕ್ಷರವನ್ನು ಇದೆಯೆಂದೇ ಅಚ್ಚು ಮಾಡುವುದಿಲ್ಲ. ಜೋಳದ ಚೀಲ ಕಳುಹಿಸಿದ ಮನೆತನದ ಹೆಸರನ್ನು ನಾನು ತಪ್ಪಾಗಿ ಬರೆದರೆ, ಕೊಟ್ಟವರಿಗೆ ಅನ್ಯಾಯ, ಕೊಡದವರಿಗೆ ಮುಜುಗರ. ‘ಕೆಲಸ ಮುಗಿಯಿತು’ ಎಂಬ ಸುಳ್ಳನ್ನು ಒಮ್ಮೆ ಬರೆಯಿಸಿದ್ದು ಸಾಕು. ಆದ್ದರಿಂದ ಆ ಲೇಖನವು ಚುಕ್ಕೆಗಳೊಡನೆಯೇ ಅಚ್ಚಾಗಿದೆ.

ಆ ಗುರುಗಳಲ್ಲಿ ಪಾಠ ಕೇಳಿದ ಹಳೆಯ ವಿದ್ಯಾರ್ಥಿಗಳು ನಾಡಿನ ಉದ್ದಗಲಕ್ಕೂ ಇದ್ದೀರಿ. ಪ್ರಸಾದ ನಿಲಯಕ್ಕೆ ಕಾಳುಕಡಿ ಕಳುಹಿಸಿದ ಮನೆತನಗಳ ಹಿರಿಯರೂ ಈ ಸಂಚಿಕೆಯನ್ನು ಓದುವಿರಿ. ಬಿಟ್ಟುಹೋದ ಜಾಗದಲ್ಲಿ ಏನಿದ್ದಿರಬಹುದೆಂದು ನಿಮ್ಮಲ್ಲಿ ಯಾರಿಗಾದರೂ ನಿಶ್ಚಯವಾಗಿ ತಿಳಿದಿದ್ದರೆ, ಒಂದು ಕಾಗದದ ಮೇಲೆ ಬರೆದು ಶಾಲೆಯ ವಿಳಾಸಕ್ಕೆ ಕಳುಹಿಸಿಕೊಡಬೇಕೆಂದು ಕೈಮುಗಿದು ಬೇಡುತ್ತೇನೆ. ಬಂದ ಕಾಗದವನ್ನು ಯಂತ್ರದಲ್ಲಿ ಏರಿಸಿದ ಮೇಲೆಯೂ ನಾನು ಹರಿದು ಹಾಕುವುದಿಲ್ಲ.